ಮೊದಲ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್) ಆದ ಮೇಲೆ ಮಗ ಇಗರ್ಜಿ (ಚರ್ಚ್) ಬೇಡ ಅನ್ನುತ್ತಿದ್ದಾನೆ, ನೀವು ಮನೆಯಲ್ಲಿ ಏನು ಮಾಡುತ್ತೀರಿ?

ಕಾರವಾರದ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ಕ್ರೈಸ್ತ ತಂದೆತಾಯಂದಿರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಾವು ಕಾರವಾರದವರು, ಕಥೋಲಿಕರು. ಮನೆಯವರು ಹಡಗಿನ ಕೆಲಸದಲ್ಲಿದ್ದಾರೆ, ವರ್ಷದಲ್ಲಿ ಜಾಸ್ತಿ ತಿಂಗಳು ಊರಲ್ಲಿ ಇರುವುದಿಲ್ಲ. ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಮಗ ಆರನೇ ಕ್ಲಾಸು. ಮಗಳಿಗೆ ಐದು ವರ್ಷ.

ಮೊದಲ ಪರಮಪ್ರಸಾದದ ಹೊತ್ತಿಗೆ ಮಗನ ಉತ್ಸಾಹ ನೋಡಬೇಕಿತ್ತು. ಪ್ರಾರ್ಥನೆ ಎಲ್ಲ ಬಾಯಿಪಾಠ. ದೊತೊರ್ನ್ (ಧರ್ಮೋಪದೇಶ) ಕ್ಲಾಸಿಗೆ ನನಗಿಂತ ಮುಂಚೆ ಅವನೇ ರೆಡಿ. ಈಗ ಭಾನುವಾರ ಬೆಳಿಗ್ಗೆ ಎಬ್ಬಿಸಿದರೆ ಹೊಟ್ಟೆನೋವು, ತಲೆನೋವು, ಹೋಮ್‌ವರ್ಕು. ಬಂದರೂ ಬಾಗಿಲ ಹತ್ತಿರ ಕಂಬಕ್ಕೆ ಒರಗಿ ನಿಲ್ಲುತ್ತಾನೆ, ಒಂದು ಹಾಡಿಗೂ ಬಾಯಿ ತೆರೆಯುವುದಿಲ್ಲ. ಹೋದ ವಾರ ನೇರವಾಗಿ ಹೇಳಿಬಿಟ್ಟ, "ನಾನು ಇನ್ನು ಬರಲ್ಲ, ನೀನು ಬೇಕಾದರೆ ಹೋಗು" ಅಂತ.

ಸಂಜೆ ತೇರ್ಸಿನ (ಜಪಸರ ಪ್ರಾರ್ಥನೆಯ) ಹೊತ್ತಿಗೂ ಇದೇ ಕಥೆ. ಅತ್ತೆ ಏಳೂವರೆಗೆ ಕೂರುತ್ತಾರೆ. ಐದೂ ರಹಸ್ಯ (ಜಪಸರದ ಐದು ಭಾಗ), ಆಮೇಲೆ ಲಿಟನಿ, ಆಮೇಲೆ ತೀರಿಹೋದ ಹಿರಿಯರಿಗೆಲ್ಲ ಒಂದೊಂದು ಪ್ರಾರ್ಥನೆ. ಮುಗಿಯುವಾಗ ಮುಕ್ಕಾಲು ಗಂಟೆ ಮೇಲಾಗಿರುತ್ತದೆ. ಚಿಕ್ಕವಳು ಅರ್ಧಕ್ಕೇ ನಿದ್ದೆ. ದೊಡ್ಡವನು ಬೆನ್ನ ಹಿಂದೆ ಫೋನ್ ಇಟ್ಟುಕೊಂಡು ಕೂತಿರುತ್ತಾನೆ, ಅತ್ತೆ ನೋಡಿ ಬೈಯುತ್ತಾರೆ, ಅಲ್ಲಿಗೆ ಪ್ರಾರ್ಥನೆ ಹೋಗಿ ಜಗಳ. ಅತ್ತೆಯ ಭಕ್ತಿ ದೊಡ್ಡದು, ಅವರಿಗೆ ನಾನು ಏನು ಹೇಳಲಿ?

ಇನ್ನು ಚಿಕ್ಕವಳು. ಇಗರ್ಜಿಯಲ್ಲಿ ಪೂಜೆಯ (ಮಾಸ್) ಹೊತ್ತಲ್ಲಿ ಒಂದು ಕಡೆ ಕೂರುವುದಿಲ್ಲ. ಮೊನ್ನೆ ಬೆಂಚಿನ ಕೆಳಗೆ ನುಸುಳಿ ಮುಂದಿನ ಸಾಲಿಗೆ ಹೋದಳು, ಹಿಂದೆ ಕೂತವರೊಬ್ಬರು "ಮಕ್ಕಳನ್ನು ಸುಧಾರಿಸಲು ಆಗದಿದ್ದರೆ ಯಾಕೆ ಕರೆತರುತ್ತೀರಿ" ಅಂದರು. ಕಣ್ಣಲ್ಲಿ ನೀರು ಬಂತು ನನಗೆ.

ಮಕ್ಕಳ ಮನಸ್ಸಲ್ಲಿ ದೇವರು ಉಳಿಯಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇಲ್ಲ. ಒತ್ತಾಯ ಮಾಡಬೇಕಾ, ಬಿಡಬೇಕಾ? ನಿಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆ? ದಯವಿಟ್ಟು ಹೇಳಿ.

ಹೊನ್ನಾವರದ ಟೀಚರ್:

ಅಕ್ಕಾ, ಮೊದಲು ಚಿಕ್ಕವಳ ವಿಷಯ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಸುಲಭ. ಭಾನುವಾರದ ಪೂಜೆ ತಪ್ಪಿಸಬಾರದು ಅನ್ನುವ ಕಥೋಲಿಕ ಧರ್ಮಸಭೆಯ ನಿಯಮ ಏಳು ವರ್ಷ ತುಂಬದ ಮಕ್ಕಳಿಗೆ ಅನ್ವಯಿಸುವುದೇ ಇಲ್ಲ. ಹಾಗಂತ ಮನೆಯಲ್ಲಿ ಬಿಟ್ಟು ಬನ್ನಿ ಅಂತಲ್ಲ, ಕರೆದುಕೊಂಡೇ ಬನ್ನಿ. ಆದರೆ ಐದು ವರ್ಷದ ಮಗು ಒಂದು ಗಂಟೆ ಕೈಕಟ್ಟಿ ಕೂರಬೇಕು ಅಂತ ಯಾರೂ ಕೇಳಿಲ್ಲ, ಹಿಂದೆ ಕೂತವರು ಏನೇ ಅನ್ನಲಿ. ಎಲ್ಲಕ್ಕಿಂತ ಮುಂದಿನ ಬೆಂಚಿಗೆ ಹೋಗಿ ಕೂರಿ. ಹಿಂದೆ ಕೂತ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ, ಇನ್ನೇನು ಮಾಡುತ್ತದೆ, ಬೆಂಚಿನ ಕೆಳಗೆ ಹೋಗುತ್ತದೆ. ಮುಂದೆ ಕೂತರೆ ಫಾದರ್ ಕೈ ಕಾಣುತ್ತದೆ, ರೊಟ್ಟಿ ಎತ್ತುವುದು ಕಾಣುತ್ತದೆ, ಗಂಟೆ ಬಾರಿಸುವ ಹುಡುಗ ಕಾಣುತ್ತಾನೆ. ಕಿವಿಯಲ್ಲಿ ಪಿಸುಗುಟ್ಟಿ, "ನೋಡು, ಈಗ ಯೇಸುಸ್ವಾಮಿ ಬರುತ್ತಾರೆ" ಅಂತ. ನಮ್ಮ ಕಡೆ ನಾನು ನೋಡಿದ ಮಕ್ಕಳಲ್ಲಿ ಜಾಸ್ತಿ ಜನ ಇಷ್ಟಕ್ಕೇ ಸುಧಾರಿಸಿದ್ದಾರೆ.

ಇನ್ನೊಂದು. 1973ರಲ್ಲೇ ರೋಮ್‌ನಿಂದ ಮಕ್ಕಳಿರುವ ಪೂಜೆಗೆ ಬೇರೆ ಮಾರ್ಗಸೂಚಿ ಬಂದಿದೆ. ಬೈಬಲ್ ವಾಚನದ ಹೊತ್ತಿಗೆ ಚಿಕ್ಕಮಕ್ಕಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಅದೇ ಶುಭಸಂದೇಶವನ್ನು ಅವರಿಗೆ ತಿಳಿಯುವ ಹಾಗೆ ಹೇಳಿ, ಮುಂದಿನ ಭಾಗಕ್ಕೆ ವಾಪಸ್ ಕರೆತರಬಹುದು ಅಂತ ಅದರಲ್ಲಿದೆ. ನಾಲ್ಕು ಜನ ತಾಯಂದಿರು ಸೇರಿ ಫಾದರ್ ಹತ್ತಿರ ಕೇಳಿ. ತಿಂಗಳಿಗೆ ಒಂದು ಭಾನುವಾರ ಆದರೂ ಸಾಕು.

ಈಗ ತೇರ್ಸ್. ಅತ್ತೆಯ ತೇರ್ಸ್ ಕಡಿಮೆ ಮಾಡಿಸಬೇಡಿ. ಅದು ಅವರ ಉಸಿರು. ಆದರೆ ಮಕ್ಕಳ ಪಾಲು ಬೇರೆ ಮಾಡಿ. ಮೊದಲ ಒಂದು ರಹಸ್ಯ ಮಕ್ಕಳದ್ದು. ಹತ್ತು ನಮಾನ್ ಮರಿಯೆ (ಮರಿಯಮ್ಮನ ಪ್ರಾರ್ಥನೆ), ನಾಲ್ಕೈದು ನಿಮಿಷ. ಚಿಕ್ಕವಳು ಮೇಣದಬತ್ತಿ ಹಿಡಿಯಲಿ, ಅಂದರೆ ಹಚ್ಚುವುದು ನೀವು, ಹಿಡಿಯುವುದು ಅವಳು. ದೊಡ್ಡವನು ಮುನ್ನಡೆಸಲಿ. ಶುರು ಮಾಡುವ ಮುಂಚೆ ಇವತ್ತಿನ ತೇರ್ಸ್ ಯಾರಿಗಾಗಿ ಅಂತ ಮಕ್ಕಳನ್ನೇ ಕೇಳಿ. ಒಬ್ಬ ಹುಡುಗ ನಮ್ಮ ವಾರ್ಡಿನ ಪ್ರಾರ್ಥನೆಯಲ್ಲಿ "ನಮ್ಮ ಬೆಕ್ಕು ಮೂರು ದಿನದಿಂದ ಮನೆಗೆ ಬಂದಿಲ್ಲ, ಅದಕ್ಕೆ" ಅಂದ, ಹಿರಿಯರೆಲ್ಲ ಆ ಬೆಕ್ಕಿಗಾಗಿ ಪ್ರಾರ್ಥನೆ ಮಾಡಿದರು. ಆ ಹುಡುಗ ಈಗಲೂ ವಾರ್ಡಿನ ಪ್ರಾರ್ಥನೆಗೆ ತಪ್ಪಿಸುವುದಿಲ್ಲ. ಅದಾದ ಮೇಲೆ ಮಕ್ಕಳು ಅಜ್ಜಿಯ ಹತ್ತಿರ ಬೆಸಾಂವ್ ಕೇಳಿ ಎದ್ದು ಹೋಗಲಿ. ಅಜ್ಜಿ ತಲೆ ಮೇಲೆ ಕೈಯಿಟ್ಟು ಹರಸುವುದು ಇದೆಯಲ್ಲ, ನಮ್ಮ ಮನೆಗಳಲ್ಲಿ ಅದು ಈಚೆಗೆ ಬಿಟ್ಟುಹೋಗುತ್ತಿದೆ. ಅದನ್ನು ಮಾತ್ರ ಬಿಡಬೇಡಿ.

ದೊಡ್ಡವನಿಗೆ ಕೆಲಸ ಕೊಡಿ. ಆರನೇ ಕ್ಲಾಸಿನ ಹುಡುಗನಿಗೆ ಕಂಬಕ್ಕೆ ಒರಗಿ ನಿಲ್ಲುವುದು ಬಿಟ್ಟು ಇಗರ್ಜಿಯಲ್ಲಿ ಬೇರೆ ಕೆಲಸವೇ ಇಲ್ಲದಿದ್ದರೆ ಅವನಾದರೂ ಯಾಕೆ ಬರಬೇಕು? ಆಲ್ತಾರ್ ಸರ್ವರ್ ಆಗಿ ಪೂಜೆಯಲ್ಲಿ ಫಾದರ್‌ಗೆ ಸಹಾಯ ಮಾಡಲಿ, ಕಾಣಿಕೆ ಮೆರವಣಿಗೆಯಲ್ಲಿ ಬರಲಿ, ಡಿಸೆಂಬರಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟುವ ಗುಂಪಿಗೆ ಸೇರಲಿ. ನಮ್ಮಲ್ಲಿ ಹುಡುಗರು ಹಬ್ಬಕ್ಕೆ ಮುಂಚೆ ತೆಂಗಿನ ಚಿಪ್ಪಿನಲ್ಲಿ ಭತ್ತ ಬಿತ್ತುತ್ತಾರೆ, ಗೋದಲಿಗೆ ಹಸಿರು ಬೇಕಲ್ಲ. ಚಿಪ್ಪಿಗೆ ಮಣ್ಣು ತುಂಬಿ, ದಿನಾ ಬೆಳಿಗ್ಗೆ ಕೈಯಲ್ಲಿ ನೀರು ಚಿಮುಕಿಸಿ, ಮೊಳಕೆ ಎಷ್ಟು ಬಂತು ಅಂತ ಬಗ್ಗಿ ನೋಡುವ ಹುಡುಗರಿಗೆ ಕ್ರಿಸ್ಮಸ್ ಅಂದರೆ ಕೇಕು ಮಾತ್ರ ಆಗಿರುವುದಿಲ್ಲ.

ದೊತೊರ್ನ್ ಟೀಚರ್ ಆಗಿ ಒಂದು ಮಾತು ಹೇಳಲೇಬೇಕು. ನಮ್ಮ ಕೈಗೆ ಮಗು ಸಿಗುವುದು ವಾರಕ್ಕೆ ಒಂದು ಗಂಟೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಮನೆಯನ್ನು ಪುಟ್ಟ ಧರ್ಮಸಭೆ ಅಂತ ಕರೆದು, ಮಕ್ಕಳಿಗೆ ವಿಶ್ವಾಸವನ್ನು ಮೊದಲು ಸಾರುವವರು ತಂದೆತಾಯಿ ಅಂದಿದೆ. 1983ರ ಸಭೆಯ ಕಾನೂನೂ ಮೊದಲ ಹೊಣೆ ಅವರದ್ದೇ ಅನ್ನುತ್ತದೆ, ಮಾತಿನಿಂದಲೂ ನಡತೆಯಿಂದಲೂ ಅಂತ. ನಾವು ಪಾಠ ಹೇಳಬಹುದು. ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕುವುದನ್ನು ಮಗು ನೋಡಿ ಕಲಿಯುವುದು ಮನೆಯಲ್ಲೇ.

ಕುಮಟಾದ ಅಪ್ಪ:

ಟೀಚರ್ ಹೇಳಿದ್ದು ಒಳ್ಳೆಯದೇ, ಆದರೆ ಅಮ್ಮ ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲ. ಒತ್ತಾಯ ಮಾಡಬೇಕಾ ಅಂತ ಕೇಳಿದ್ದಾರೆ. ಮಾಡಬೇಕು. ನನ್ನದು ಖಡಾಖಂಡಿತ ಅಭಿಪ್ರಾಯ. ಶಾಲೆಗೆ ಮನಸ್ಸಿಲ್ಲ ಅಂದರೆ ಬಿಡುತ್ತೀರಾ? ಹನ್ನೊಂದು ವರ್ಷದ ಹುಡುಗ ಭಾನುವಾರ ಎಲ್ಲಿರಬೇಕು ಅಂತ ನಿರ್ಧಾರ ಮಾಡುವುದು ಅವನಲ್ಲ.

ನಮ್ಮ ಮನೆಯಲ್ಲಿ ಭಾನುವಾರ ಪೂಜೆ ಅಂದರೆ ಪೂಜೆ. ಟ್ಯೂಷನ್ ಇದ್ದರೆ ಟ್ಯೂಷನ್ ಬೇರೆ ದಿನ. ಕ್ರಿಕೆಟ್ ಇದ್ದರೆ ಪೂಜೆ ಆದ ಮೇಲೆ. ಮಕ್ಕಳಿಗೆ ಇದು ಗೊತ್ತು, ಅದಕ್ಕೆ ಜಗಳವೇ ಇಲ್ಲ. ಆದರೆ ಒಂದು ಷರತ್ತು ನನಗೂ ಇದೆ. ನಾನೂ ತಪ್ಪಿಸುವುದಿಲ್ಲ, ಇಗರ್ಜಿಯ ಹೊರಗೆ ಮರದ ಕೆಳಗೆ ನಿಂತು ಗೆಳೆಯರ ಜೊತೆ ಮಾತಾಡುವುದಿಲ್ಲ, ಒಳಗೆ ಬರುತ್ತೇನೆ. ನಮ್ಮ ಕಡೆಯ ಎಷ್ಟೋ ಗಂಡಸರು ಪ್ರಬೋಧನೆ ಶುರುವಾದ ಕೂಡಲೇ ಹೊರಗೆ ಹೋಗಿ ನಿಲ್ಲುತ್ತಾರೆ. ಮಗ ಕಂಬಕ್ಕೆ ಒರಗುವುದನ್ನು ಯಾರಿಂದ ಕಲಿತ ಅಂತ ಕೇಳುವುದೇ ಬೇಡ.

ಉಪವಾಸ ಕಾಲದ ವಿಷಯವೂ ಸೇರಿಸುತ್ತೇನೆ. ಶುಕ್ರವಾರ ಮಾಂಸ ಬಿಟ್ಟು ಬಂಗಡೆ ಸಾರು ತಿಂದರೆ ನಮ್ಮ ಕರಾವಳಿಯಲ್ಲಿ ಅದು ತ್ಯಾಗ ಆಗುತ್ತಾ? ದಿನಾ ತಿನ್ನುವುದೇ ಮೀನು. ನಮ್ಮ ಮಕ್ಕಳು ಆ ನಲವತ್ತು ದಿನ ಐಸ್‌ಕ್ರೀಮ್, ಅಂಗಡಿ ತಿಂಡಿ ಬಿಟ್ಟು ಆ ದುಡ್ಡು ಡಬ್ಬಿಗೆ ಹಾಕುತ್ತಾರೆ. ಈಸ್ಟರಿಗೆ ಮುಂಚೆ ಡಬ್ಬಿ ಒಡೆದು ಯಾರಿಗೆ ಕೊಡಬೇಕು ಅಂತ ಅವರೇ ಹೇಳುತ್ತಾರೆ. ಎಲ್ಲೋ ಕೇಳದ ಊರಿಗೆ ಕಳಿಸುವುದಕ್ಕಿಂತ, ಪಕ್ಕದ ಕೇರಿಯ ಅಜ್ಜನ ಮಾತ್ರೆಗೆ ಕೊಟ್ಟು ಬರುವುದು ಮಕ್ಕಳಿಗೆ ಮನಸ್ಸಿಗೆ ಇಳಿಯುತ್ತದೆ. ಕೊಡುವವರು ಅವರೇ ಹೋಗಬೇಕು, ನಾನಲ್ಲ.

ಶಿರಸಿ ಸಂಡೇ ಸ್ಕೂಲ್:

ನಾವು ಪ್ರೊಟೆಸ್ಟೆಂಟ್ ಸಭೆಯವರು, ತೇರ್ಸ್ ನಮ್ಮಲ್ಲಿ ಇಲ್ಲ. ಆದರೆ ಮಕ್ಕಳ ಕಷ್ಟ ಎಲ್ಲ ಕಡೆ ಒಂದೇ, ಅದಕ್ಕೆ ಬರೆಯುತ್ತಿದ್ದೇನೆ.

ಕುಮಟಾದ ಅಣ್ಣಾ, ನಿಮ್ಮ ಮಾತು ಚಿಕ್ಕ ಮಕ್ಕಳಿಗೆ ಸರಿ. ಆದರೆ ಇಲ್ಲಿ ಹುಡುಗ ಮೊದಲು ಆಸೆಯಿಂದ ಹೋಗುತ್ತಿದ್ದ, ಆಮೇಲೆ ನಿಂತ. ಸೋಮಾರಿ ಹುಡುಗ ಆಗಿದ್ದರೆ ಮೊದಲೂ ಹೋಗುತ್ತಿರಲಿಲ್ಲ. ಅಮ್ಮಾ, ನನಗೆ ಒಂದೇ ಪ್ರಶ್ನೆ. ಇದು ಯಾವಾಗಿಂದ ಶುರುವಾಯಿತು? ಶಾಲೆಯಲ್ಲಿ ಯಾರಾದರೂ ಆಡಿಕೊಂಡರಾ? ಯಾರಾದರೂ ಏನಾದರೂ ಅಂದರಾ? ಅಥವಾ ಮನೆಯಲ್ಲಿ, ಬೀದಿಯಲ್ಲಿ ಏನಾದರೂ ನಡೆಯಿತಾ?

ಇದನ್ನು ಯಾಕೆ ಕೇಳುತ್ತೇನೆ ಅಂದರೆ, ಶಿರಸಿಯಲ್ಲಿ ನಮ್ಮ ಸಂಡೇ ಸ್ಕೂಲ್ ಮಕ್ಕಳು ಶಾಲೆಯಲ್ಲಿ ಒಬ್ಬೊಬ್ಬರೇ ಇರುತ್ತಾರೆ. ಇಡೀ ಕ್ಲಾಸಿಗೆ ಒಂದೇ ಕ್ರೈಸ್ತ ಮಗು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬರುತ್ತದೆ, ಊರಿಗೆ ಊರೇ ಅಲ್ಲಿರುತ್ತದೆ, ಗೆಳೆಯರು "ನಿಮ್ಮ ದೇವರು ಯಾಕೆ ರಥದಲ್ಲಿ ಬರಲ್ಲ" ಅಂತ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಮಕ್ಕಳು ಸುಮ್ನೆ ಕೇಳುತ್ತಾರೆ. ಆದರೆ ನಮ್ಮ ಮಗುವಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದು ಒಳಗೆ ಇಟ್ಟುಕೊಂಡು ಕೂರುತ್ತದೆ. ಹಾಗಾಗಿ ನಾವು ಸಂಡೇ ಸ್ಕೂಲಿನಲ್ಲಿ ಪಾಠ ಶುರು ಮಾಡುವ ಮುಂಚೆ ಹತ್ತು ನಿಮಿಷ ಮಕ್ಕಳಿಗೇ ಬಿಡುತ್ತೇವೆ. ಈ ವಾರ ಏನು ಕೇಳಿದರು, ನಿನಗೆ ಏನು ಅನ್ನಿಸಿತು, ಹೇಳು. ಗೆಳೆಯನ ಹಬ್ಬವನ್ನು ಗೌರವಿಸಬೇಕು, ನಿನ್ನ ವಿಶ್ವಾಸವನ್ನೂ ನಾಚಿಕೆ ಇಲ್ಲದೆ ಹೇಳಬೇಕು, ಎರಡೂ ಒಟ್ಟಿಗೆ ಸಾಧ್ಯ ಅಂತ ಮಕ್ಕಳಿಗೆ ತೋರಿಸಬೇಕಾದವರು ನಾವು.

ಕಾರವಾರದ ಅಮ್ಮ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಶಿರಸಿಯವರ ಪ್ರಶ್ನೆ ಓದಿ ರಾತ್ರಿ ಮಗನ ಪಕ್ಕ ಕೂತು ಮೆಲ್ಲಗೆ ಕೇಳಿದೆ. ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೇಳಿದ.

ಜುಲೈ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ಮೇಲೆ ಅವನ ಕ್ಲಾಸ್‌ಮೇಟ್ ಒಬ್ಬನ ತಂದೆ ಸಮುದ್ರದಲ್ಲಿ ಕಾಣೆಯಾಗಿದ್ದರು. ಹುಡುಕಾಟ ನಡೆದಷ್ಟು ದಿನವೂ ಇವನು ಮಲಗುವ ಮುಂಚೆ ಒಬ್ಬನೇ ಮಂಡಿಯೂರಿ ಪ್ರಾರ್ಥನೆ ಮಾಡಿದ್ದಾನಂತೆ. ನಮಗೆ ಯಾರಿಗೂ ಹೇಳಿಲ್ಲ. ಆಮೇಲೆ ಶವ ಸಿಕ್ಕಿತು. "ನಾನು ಕೇಳಿದ್ದು ಅವರು ಕೇಳಿಸಿಕೊಳ್ಳಲೇ ಇಲ್ಲ" ಅಂದ. ಆ ಹುಡುಗನ ಮನೆಯವರು ಖಾರ್ವಿ ಮೀನುಗಾರರು, ಕ್ರೈಸ್ತರಲ್ಲ. ಇವನು ಅದನ್ನೂ ಹಿಡಿದುಕೊಂಡಿದ್ದಾನೆ, "ಅವರು ನಮ್ಮವರಲ್ಲ ಅಂತ ದೇವರು ಬಿಟ್ಟುಬಿಟ್ಟರಾ?" ಅಂತ ಕೇಳಿದ. ಅವನ ಅಪ್ಪನೂ ನೀರಿನ ಮೇಲೆಯೇ ಇರುವುದು. ಆ ಭಯ ಬೇರೆ. ನನಗೆ ಬಾಯಿಂದ ಮಾತೇ ಹೊರಡಲಿಲ್ಲ, ತಬ್ಬಿಕೊಂಡು ಮಲಗಿಸಿದೆ.

ಏನು ಹೇಳಲಿ ನಾನು ಅವನಿಗೆ?

ಕುಮಟಾದ ಅಪ್ಪ:

ಇದು ಗೊತ್ತಿರಲಿಲ್ಲ. ಇಂಥ ಮಗುವನ್ನು ಎಳೆದುಕೊಂಡು ಹೋಗಿ ಅಂತ ನಾನೂ ಹೇಳುವುದಿಲ್ಲ. ಯಾರಿಗೂ ಹೇಳದೆ ಒಬ್ಬನೇ ಮಂಡಿಯೂರಿದನಲ್ಲ, ಆ ಹುಡುಗನ ವಿಶ್ವಾಸ ನಮ್ಮದಕ್ಕಿಂತ ದೊಡ್ಡದು. ಅವನ ಕಣ್ಣಲ್ಲಿ ಕಣ್ಣಿಟ್ಟು ಇದನ್ನೇ ಹೇಳಿ.

ತದಡಿ ದಂಡೆ:

ನಾನು ಸುಮ್ಮನೆ ಓದುತ್ತಿದ್ದೆ, ಇದನ್ನು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ನನ್ನ ಅಪ್ಪ ಬೋಟಿನ ಎಂಜಿನ್ ಡ್ರೈವರ್ ಆಗಿದ್ದವರು. ಜೂನ್, ಜುಲೈ 61 ದಿನ ಟ್ರಾಲರ್ ಬಂದ್ ಇರುತ್ತದಲ್ಲ, ನಮಗೆ ಅಪ್ಪ ಮನೆಯಲ್ಲಿ ಸಿಗುತ್ತಿದ್ದ ಕಾಲ ಅದು. ಆಗಸ್ಟ್ ಬಂತು ಅಂದರೆ ಅಮ್ಮನ ಮುಖ ಬದಲಾಗುತ್ತಿತ್ತು. ಹಾಗಾಗಿ ನಿಮ್ಮ ಮಗನ ಭಯ ನನಗೆ ಗೊತ್ತು.

ದಯವಿಟ್ಟು ಅವನಿಗೆ "ದೇವರ ಚಿತ್ತ" ಅಂತ ಹೇಳಿ ಮುಗಿಸಬೇಡಿ. "ದೇವರಿಗೆ ಒಳ್ಳೆಯವರು ಬೇಕು, ಅದಕ್ಕೇ ಕರೆದುಕೊಂಡರು" ಅಂತಲೂ ಬೇಡ. ಸಾವಿನ ಮನೆಯಲ್ಲಿ ದೊಡ್ಡವರು ಹೇಳುವ ಮಾತು ಇದು, ಆದರೆ ಮಗು ಅದನ್ನು ಕೇಳಿ, ಹಾಗಾದರೆ ನನ್ನ ಅಪ್ಪನೂ ಒಳ್ಳೆಯವರೇ ಅಲ್ಲವಾ, ಅವರನ್ನೂ ಕರೆದುಕೊಳ್ಳುತ್ತಾರಾ ಅಂತ ಯೋಚಿಸುತ್ತದೆ. ನಾನು ಯೋಚಿಸಿದ್ದೇನೆ.

ಅದರ ಬದಲು ಮಾರ್ಕನ ಶುಭಸಂದೇಶದ ನಾಲ್ಕನೇ ಅಧ್ಯಾಯ ಒಟ್ಟಿಗೆ ಓದಿ. ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ಹಿಂದೆ ದಿಂಬಿನ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಾರೆ. ಶಿಷ್ಯರು ಎಬ್ಬಿಸಿ ಕೇಳುವುದು ಏನು? ನಾವು ಸಾಯುತ್ತಿದ್ದೇವೆ, ನಿಮಗೆ ಚಿಂತೆಯೇ ಇಲ್ಲವಾ ಅಂತ. ನಿಮ್ಮ ಮಗ ಕೇಳಿದ ಪ್ರಶ್ನೆಯೇ ಅದು! ಅಪೊಸ್ತಲರೇ ಕೇಳಿದ್ದಾರೆ, ಅವರಲ್ಲಿ ಮೀನುಗಾರರೂ ಇದ್ದರು, ಕಡಲು ಗೊತ್ತಿದ್ದವರು. ಹೀಗೆ ಕೇಳಿದರು ಅಂತ ಯೇಸುಸ್ವಾಮಿ ಯಾರನ್ನೂ ದೋಣಿಯಿಂದ ಇಳಿಸಲಿಲ್ಲ. ದೇವರ ಹತ್ತಿರ ಸಿಟ್ಟು ಮಾಡಿಕೊಂಡು ಕೇಳಬಹುದು, ಅದೂ ಪ್ರಾರ್ಥನೆಯೇ ಅಂತ ಅವನಿಗೆ ತಿಳಿಯಲಿ. ಕೀರ್ತನೆ 13 ಓದಿ, ಇನ್ನೂ ಎಷ್ಟು ಕಾಲ ನನ್ನನ್ನು ಮರೆತಿರುತ್ತೀಯ ಅಂತಲೇ ಶುರುವಾಗುತ್ತದೆ. ಬೈಬಲಿನಲ್ಲಿ ಇಂಥ ಮಾತು ಇದೆ ಅಂತ ಎಷ್ಟೋ ಮಕ್ಕಳಿಗೆ ಯಾರೂ ಹೇಳಿರುವುದೇ ಇಲ್ಲ.

ಇನ್ನೊಂದು ಕೆಲಸ ಮಾಡಿ. ಮಗನನ್ನು ಕರೆದುಕೊಂಡು ಆ ಗೆಳೆಯನ ಮನೆಗೆ ಹೋಗಿ. ಸುಮ್ನೆ ಹೋಗಿ ಕೂತು ಬನ್ನಿ, ಉಪದೇಶ ಬೇಡ. ಮನೆಯಲ್ಲಿ ಮಾಡಿದ್ದು ಏನಾದರೂ ಒಯ್ಯಿರಿ. ಶಾಲೆಯ ನೋಟ್ಸ್ ಬಾಕಿ ಇದ್ದರೆ ಇವನು ಬರೆದುಕೊಡಲಿ. ನನ್ನ ಪ್ರಾರ್ಥನೆಯಿಂದ ಏನೂ ಆಗಲಿಲ್ಲ ಅಂತ ಅವನು ಅಂದುಕೊಂಡಿದ್ದಾನೆ. ಗೆಳೆಯನಿಗಾಗಿ ಮಂಡಿಯೂರಿದ ಹುಡುಗ ಈಗ ಗೆಳೆಯನ ಪಕ್ಕ ಹೋಗಿ ಕೂರುತ್ತಾನಲ್ಲ, ಆ ಪ್ರಾರ್ಥನೆ ಇನ್ನೂ ಮುಗಿದಿಲ್ಲ ಅಂತ ಅವನಿಗೇ ಗೊತ್ತಾಗುತ್ತದೆ.

ಹೊನ್ನಾವರದ ಟೀಚರ್:

ತದಡಿಯವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

"ನಮ್ಮವರಲ್ಲ" ಅನ್ನುವ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರ ಕೊಡಿ, ಅದನ್ನು ಅರ್ಧಕ್ಕೆ ಬಿಡಬೇಡಿ. ದೇವರು ಹಾಗೆ ನೋಡುವುದಿಲ್ಲ. ಯೇಸುಸ್ವಾಮಿ ರೋಮಿನ ಶತಾಧಿಪತಿಯ ಸೇವಕನನ್ನು ವಾಸಿ ಮಾಡಿದರು, ಆತ ಯೆಹೂದಿ ಅಲ್ಲ, ಅಷ್ಟೇ ಅಲ್ಲ, ಇಂಥ ವಿಶ್ವಾಸ ಇಸ್ರಯೇಲಿನಲ್ಲೇ ಕಂಡಿಲ್ಲ ಅಂದರು. ಡಿಸೆಂಬರ್ 3ಕ್ಕೆ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬಕ್ಕೆ ಮಗನನ್ನು ಚಂದಾವರದ ಇಗರ್ಜಿಗೆ ಕರೆದುಕೊಂಡು ಬನ್ನಿ. ಸಾಲಿನಲ್ಲಿ ಯಾರು ಯಾರು ನಿಂತಿರುತ್ತಾರೆ ಅಂತ ಅವನೇ ನೋಡಲಿ. ಹಿಂದೂಗಳು ಮೇಣದಬತ್ತಿ ಹಿಡಿದು ನಮ್ಮ ಜೊತೆ ನಿಂತಿರುತ್ತಾರೆ.

ಎರಡನೆಯದು. ಕೇಳಿದ್ದು ಸಿಗದಿದ್ದರೆ ದೇವರು ಕೇಳಿಸಿಕೊಂಡಿಲ್ಲ ಅಂತ ಅರ್ಥವಾ? ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೇ ಈ ಕಷ್ಟ ನನ್ನಿಂದ ದೂರ ಆಗಲಿ ಅಂತ ಬೇಡಿಕೊಂಡರು. ಆಗಲಿಲ್ಲ. ಮರುದಿನ ಶಿಲುಬೆ. ಹನ್ನೊಂದು ವರ್ಷದ ಮಗುವಿಗೆ ಇದು ಅರ್ಥ ಆಗುತ್ತದೆ ಅಕ್ಕಾ, ನಾವು ಅಂದುಕೊಂಡಿರುವುದಕ್ಕಿಂತ ಚೆನ್ನಾಗಿ ಅರ್ಥ ಆಗುತ್ತದೆ. ತನ್ನ ಹಾಗೆ ಕೇಳಿ, ತನ್ನ ಹಾಗೆ ಸಿಗದೆ ಹೋದವರು ಯೇಸುಸ್ವಾಮಿ ಅಂತ ಗೊತ್ತಾದರೆ ಅವನು ಅವರ ಹತ್ತಿರ ಬರುತ್ತಾನೆ. ಯಾಕೆ ಸಿಗಲಿಲ್ಲ ಅಂತ ಅವನು ಮತ್ತೆ ಕೇಳಬಹುದು. ನನಗೂ ಗೊತ್ತಿಲ್ಲ ಮಗಾ, ಆದರೂ ನಾನು ಅವರನ್ನು ಬಿಡುವುದಿಲ್ಲ ಅಂತ ಹೇಳಿ. ತಾಯಿಯ ಬಾಯಿಂದ ಈ ಮಾತು ಕೇಳಿದ ಮಗು ಅದನ್ನು ಮರೆಯುವುದಿಲ್ಲ.

ನವೆಂಬರ್ 2 ಸತ್ತವರ ದಿನ. ಅತ್ತೆಯವರು ತೀರಿಹೋದ ಹಿರಿಯರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರೆ ಅಂದಿರಲ್ಲ, ಆ ಸಾಲಿಗೆ ಗೆಳೆಯನ ತಂದೆಯ ಹೆಸರನ್ನೂ ಸೇರಿಸಲು ಹೇಳಿ. ಮಗನ ಎದುರಿಗೇ ಹೇಳಲಿ. ಅವನಿಗೆ ಉದ್ದ ಅನ್ನಿಸುತ್ತಿದ್ದ ಆ ಭಾಗ ಯಾಕೆ ಇದೆ ಅಂತ ಆಗ ತಿಳಿಯುತ್ತದೆ.

ಹಳಿಯಾಳದ ಹುಡುಗ:

ನಾನು ಹುಬ್ಬಳ್ಳಿಯಲ್ಲಿ ಡಿಗ್ರಿ ಓದುತ್ತಿದ್ದೇನೆ, ಇಲ್ಲಿರುವವರಲ್ಲಿ ನಿಮ್ಮ ಮಗನ ವಯಸ್ಸಿಗೆ ಹತ್ತಿರ ಇರುವವನು ನಾನೇ ಇರಬೇಕು. ಆಂಟಿ, ಅಪ್ಪನ ಪಾಲು ಎಲ್ಲಿ? ಎಲ್ಲರೂ ನಿಮಗೇ ಹೇಳುತ್ತಿದ್ದಾರೆ. ಅಂಕಲ್ ಹಡಗಿನಿಂದ ಫೋನ್ ಮಾಡುತ್ತಾರಲ್ಲ? ಮಾರ್ಕು, ಊಟ, ಅಮ್ಮನ ಮಾತು ಕೇಳು, ಇಷ್ಟೇ ಆಗಿ ಫೋನ್ ಇಡುತ್ತಾರೆ ಅಂತ ನನ್ನ ಅಂದಾಜು, ಎಲ್ಲ ಮನೆಯಲ್ಲೂ ಹಾಗೇ. ಅವರು ಒಂದು ಸಲ ಮಗನಿಗೆ, ಕಡಲಿನ ಮಧ್ಯೆ ಗಾಳಿ ಎದ್ದಾಗ ನನಗೂ ಹೆದರಿಕೆ ಆಗುತ್ತದೆ, ಆಗ ನಾನು ಹೀಗೆ ಪ್ರಾರ್ಥನೆ ಮಾಡುತ್ತೇನೆ ಅಂತ ಹೇಳಲಿ. ಫೋನಿನಲ್ಲೇ ಇಬ್ಬರೂ ಸೇರಿ ಒಂದು ಆಮ್ಚ್ಯಾ ಬಾಪಾ (ಪರಲೋಕದ ತಂದೆಯ ಪ್ರಾರ್ಥನೆ) ಹೇಳಲಿ. ನಮ್ಮ ವಯಸ್ಸಿನ ಹುಡುಗರಿಗೆ ಅಜ್ಜಿ, ಅಮ್ಮ ಪ್ರಾರ್ಥನೆ ಮಾಡುವುದು ಗೊತ್ತೇ ಇರುತ್ತದೆ. ಅಪ್ಪ ಮಾಡುತ್ತಾರಾ ಅನ್ನುವುದನ್ನು ನಾವು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ನೋಡುತ್ತಿರುತ್ತೇವೆ.

ಮತ್ತೆ, ಫೋನ್ ಕಂಡರೆ ಬೈಯುವುದು ಸ್ವಲ್ಪ ಕಡಿಮೆ ಮಾಡಿ. ಕಾರ್ಲೋ ಅಕುಟಿಸ್ ಬಗ್ಗೆ ಹೇಳಿ ಅವನಿಗೆ. ಇಟಲಿಯಲ್ಲಿ ಬೆಳೆದ ಹುಡುಗ, ಕಂಪ್ಯೂಟರ್ ಅಂದರೆ ಪ್ರಾಣ, ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದ. 2006ರಲ್ಲಿ 15 ವರ್ಷಕ್ಕೇ ತೀರಿಹೋದ. 2025ರ ಸೆಪ್ಟೆಂಬರ್ 7ಕ್ಕೆ ಸಂತ ಅಂತ ಘೋಷಣೆ ಆಯಿತು. ಫೋಟೋದಲ್ಲಿ ಜೀನ್ಸ್ ಹಾಕಿ ಬೆನ್ನಿಗೆ ಬ್ಯಾಗ್ ಏರಿಸಿಕೊಂಡ ಸಂತನನ್ನು ನೋಡಿದರೆ ಹುಡುಗರಿಗೆ ಖುಷಿಯಾಗುತ್ತದೆ. ನಮ್ಮ ಕಡೆಯವರೇ ಬೇಕು ಅಂದರೆ ಸಂತ ಜೋಸೆಫ್ ವಾಜ್ ಇದ್ದಾರೆ. ಗೋವಾದವರು, 1681ರಲ್ಲಿ ಕೆನರಾಕ್ಕೆ ಬಂದು ಇಲ್ಲಿ ಸೇವೆ ಮಾಡಿದರು. ಆಮೇಲೆ ಡಚ್ಚರ ಕಣ್ಣು ತಪ್ಪಿಸಿ ಬಡ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಅದನ್ನು ಕಥೆ ಮಾಡಿ ಹೇಳಿದರೆ ಯಾವ ಹುಡುಗ ಕೇಳುವುದಿಲ್ಲ?

ಶಿರಸಿ ಸಂಡೇ ಸ್ಕೂಲ್:

ಮಾರ್ಕ 4 ಆದ ಮೇಲೆ ಯೋಹಾನ 21 ಓದಿ ಅಂತ ಹೇಳಬೇಕು ಅನ್ನಿಸಿತು. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದೆ ಬಂದವರಿಗೆ, ಬೆಳಿಗ್ಗೆ ದಡದಲ್ಲಿ ಯೇಸು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬನ್ನಿ ತಿನ್ನಿ ಅಂತ ಕರೆಯುತ್ತಾನೆ. ಬಲೆಯಲ್ಲಿ ಸಿಕ್ಕಿದ್ದು 153 ಮೀನು ಅಂತ ಎಣಿಸಿ ಬರೆದಿದ್ದಾರೆ. ನಮ್ಮ ಸಂಡೇ ಸ್ಕೂಲ್ ಮಕ್ಕಳಿಗೆ ಈ ಭಾಗ ತುಂಬ ಇಷ್ಟ. ಬೇಸಿಗೆಯ ವಿಬಿಎಸ್‌ನಲ್ಲಿ (ರಜೆಯ ಬೈಬಲ್ ಶಾಲೆ) ಮಕ್ಕಳು ಕಾಗದದಲ್ಲಿ 153 ಮೀನು ಕತ್ತರಿಸಿ ಬಲೆಗೆ ಅಂಟಿಸಿದರು, ಕರಾವಳಿಯಿಂದ ಬಂದ ಒಬ್ಬಳು ಪ್ರತಿ ಮೀನಿಗೂ ಹೆಸರು ಹೇಳುತ್ತಿದ್ದಳು, ಇದು ಬಂಗಡೆ, ಇದು ಇಸೋಣ, ಇದು ಶೆಟ್ಲಿ ಅಂತ. ನಿಮ್ಮ ಚಿಕ್ಕವಳಿಗೂ ಇದು ಆಗುತ್ತದೆ. ಮನೆಯಲ್ಲೇ ಮಾಡಿಸಿ.

ಕಾರವಾರದ ಅಮ್ಮ:

ಎಲ್ಲ ಓದಿ ಮನೆಯವರಿಗೂ ಕಳಿಸಿದೆ. ಅವರು ನಿನ್ನೆ ಫೋನ್ ಮಾಡಿ ಮಗನ ಹತ್ತಿರ ಸುಮಾರು ಹೊತ್ತು ಮಾತಾಡಿದರು, ನಾನು ಅಡುಗೆಮನೆಗೆ ಹೋದೆ, ಏನು ಮಾತಾಡಿದರು ಅಂತ ಕೇಳಲಿಲ್ಲ. ಅತ್ತೆಗೂ ವಿಷಯ ಹೇಳಿದೆ. ಅವರು ಅತ್ತರು. ಆ ತಂದೆಯ ಹೆಸರನ್ನು ತೇರ್ಸಿನಲ್ಲಿ ಸೇರಿಸಿದ್ದಾರೆ. ಶನಿವಾರ ನಾವು ಅವರ ಮನೆಗೆ ಹೋಗುತ್ತೇವೆ. ಮಗ ತಾನೇ ಬರುತ್ತೇನೆ ಅಂದಿದ್ದಾನೆ. ಇಗರ್ಜಿಯ ಮಾತು ಇನ್ನೂ ಎತ್ತಿಲ್ಲ, ಈ ಭಾನುವಾರ ಚಿಕ್ಕವಳನ್ನು ಕರೆದುಕೊಂಡು ಮುಂದಿನ ಬೆಂಚಿಗೆ ಹೋಗುತ್ತೇನೆ, ಅವನು ಬಂದರೆ ಬರಲಿ.

ಒಂದು ಕೇಳಬೇಕಿತ್ತು. ಅವನು ಇಂಗ್ಲಿಷ್ ಮೀಡಿಯಂ, ಮನೆಯಲ್ಲಿ ಕೊಂಕಣಿ, ಕನ್ನಡ ಸುಲಭವಾಗಿ ಓದುತ್ತಾನೆ. ಬೈಬಲ್ ಯಾವ ಭಾಷೆಯಲ್ಲಿ ಓದಿಸಲಿ? ಮನೆಯಲ್ಲಿರುವುದು ಅತ್ತೆಯ ಹಳೆಯದು, ಅಕ್ಷರ ತುಂಬ ಸಣ್ಣ.

ಹೊನ್ನಾವರದ ಟೀಚರ್:

ಅವನಿಗೆ ಯಾವುದು ತಡೆಯದೆ ಓದಲು ಬರುತ್ತದೋ ಅದರಲ್ಲೇ ಓದಲಿ ಅಕ್ಕಾ, ಪ್ರಾರ್ಥನೆ ಮಾತ್ರ ಅಜ್ಜಿಯ ಜೊತೆ ಕೊಂಕಣಿಯಲ್ಲಿ ಇರಲಿ. ಇಡೀ ಬೈಬಲ್ ಈಗಲೇ ಕೈಗೆ ಕೊಡಬೇಡಿ, ಹೊಸ ಒಡಂಬಡಿಕೆ ಸಾಕು, ಅದರಲ್ಲೂ ಮಾರ್ಕನಿಂದ ಶುರು ಮಾಡಿ, ಅದು 16 ಅಧ್ಯಾಯ ಮಾತ್ರ, ನಾಲ್ಕರಲ್ಲಿ ಅತಿ ಚಿಕ್ಕದು. ಮೊದಲು ನಿಮ್ಮ ಫಾದರ್ ಅಥವಾ ಸಿಸ್ಟರ್ ಹತ್ತಿರ ಕೇಳಿ, ಇಗರ್ಜಿಯಲ್ಲಿ ಸಾಮಾನ್ಯವಾಗಿ ಇಟ್ಟಿರುತ್ತಾರೆ. ಇಲ್ಲದಿದ್ದರೆ ಬೆಂಗಳೂರಿನ ಬೈಬಲ್ ಸೊಸೈಟಿಯವರಲ್ಲಿ ಕನ್ನಡದ್ದು ಸಿಗುತ್ತದೆ, ಕಥೋಲಿಕ ಆವೃತ್ತಿ ಬೇಕು ಅಂತ ಹೇಳಿ ಕೇಳಿ. ತರಿಸಿದ ಮೇಲೆ ಮೊದಲ ಪುಟದಲ್ಲಿ ಅವನ ಅಪ್ಪನ ಕೈಯಿಂದಲೇ ಹೆಸರು ಬರೆಸಿ, ಅವರು ರಜೆಗೆ ಬಂದಾಗ ಆದರೂ ಪರವಾಗಿಲ್ಲ.

ಮಕ್ಕಳ ವಾಚನದ ವಿಷಯ ಫಾದರ್ ಹತ್ತಿರ ಮಾತಾಡಲು ಹೋಗುವಾಗ ಹೇಳಿ, ನಾವು ಇಲ್ಲಿ ಮಾಡುವ ಕ್ರಮ ಬರೆದು ಕಳಿಸುತ್ತೇನೆ.